ಶಿರಸಿಯಲ್ಲಿ ಕೂತು ಯಲ್ಲಾಪುರದ ಮೌಸು ಆಡಿಸಿದ್ದು

೨೦೦೬ನೇ ಇಸವಿಯ ನವೆಂಬರ್ ತಿಂಗಳ ಒಂದು ಮಂಗಳವಾರ, ಬೆಳಿಗ್ಗೆ ಹನ್ನೊಂದು ಗಂಟೆ ಐದು ನಿಮಿಷಕ್ಕೆ, ನಾನು ಶಿರಸಿ, ಸಿದ್ದಾಪುರ, ಯಲ್ಲಾಪುರ ಈ ಮೂರೂ ತಾಲೂಕುಗಳಲ್ಲಿ ಏಕಕಾಲಕ್ಕೆ ಇದ್ದೆ. ಸುಮ್ಮನೆ ಇದ್ದದ್ದಲ್ಲ, ಮೂರೂ ಕಡೆ ಕೆಲಸ ಮಾಡುತ್ತಿದ್ದೆ. ಪುರಾಣದಲ್ಲಿ ಹೀಗೆ ಮಾಡಿದವರು ಒಬ್ಬಿಬ್ಬರು ಸಿಗುತ್ತಾರೆ, ಆದರೆ ಅವರ ಬೆನ್ನಿಗೆ ಮಾಯೆ ಇತ್ತು. ನನ್ನ ಬೆನ್ನಿಗೆ ಇದ್ದದ್ದು ಒಂದು ಟೆಲಿಫೋನ್ ತಂತಿ, ಅದೂ ಉಮ್ಮಚಗಿ ಹತ್ತಿರ ಹಲಸಿನ ಮರದ ಕೊಂಬೆಗೆ ಎರಡು ಸುತ್ತು ಸುತ್ತಿಕೊಂಡಿದ್ದ ತಂತಿ. ನಂಬದವರು ಯಲ್ಲಾಪುರಕ್ಕೆ ಹೋಗಿ ವಿಚಾರಿಸಬಹುದು. ಅರವತ್ತು ಜನ ಸಾಕ್ಷಿಗಳಿದ್ದಾರೆ, ಅವರಲ್ಲಿ ನಾಲ್ಕು ಜನ ಎಂದೂ ಸುಳ್ಳು ಹೇಳದವರು.

ನನ್ನ ಹೆಸರು ಕಮಲಾಕರ. ಆಗ ನಾನು ‘ಮಧುಬನ ಜೇನು ಸಾಕಣೆದಾರರ ಸಹಕಾರಿ ಸಂಘ’ದ ಕಂಪ್ಯೂಟರ್ ವಿಭಾಗದ ಮುಖ್ಯಸ್ಥ. ವಿಭಾಗದಲ್ಲಿ ನಾನೊಬ್ಬನೇ ಇದ್ದದ್ದರಿಂದ ಮುಖ್ಯಸ್ಥನಾಗಲು ಪೈಪೋಟಿ ಇರಲಿಲ್ಲ. ಅದಕ್ಕೂ ಮೊದಲು ಜೇನು ತೆಗೆಯುವ ಯಂತ್ರಗಳ ಮೋಟಾರು ರಿಪೇರಿ ಮಾಡುತ್ತಿದ್ದೆ. ಸಂಘಕ್ಕೆ ಮೊದಲ ಕಂಪ್ಯೂಟರು ಬಂದ ದಿನ ಉಳಿದವರೆಲ್ಲ ಎರಡು ಮಾರು ದೂರ ನಿಂತಿದ್ದಾಗ ನಾನು ಹೋಗಿ ಗುಂಡಿ ಒತ್ತಿದೆ. ಅದು ಸಿಡಿಯಲಿಲ್ಲ. ಅಂದಿನಿಂದ ನಾನು ತಜ್ಞ.

ಸಂಘದ ಮುಖ್ಯ ಕಚೇರಿ ಶಿರಸಿಯಲ್ಲಿ, ಶಾಖೆಗಳು ಸಿದ್ದಾಪುರ ಮತ್ತು ಯಲ್ಲಾಪುರದಲ್ಲಿ. ಎರಡೂ ಶಾಖೆಗಳಿಗೆ ಒಂದೊಂದು ಸರ್ವರು ಕೂರಿಸಿದ್ದೆವು. ಯಾರ ಬಳಿ ಎಷ್ಟು ತುಡುವೆ ಜೇನಿನ ಪೆಟ್ಟಿಗೆಗಳಿವೆ, ಯಾವ ಪೆಟ್ಟಿಗೆಯ ಹುಳುಗಳ ಕುಟುಂಬ ಪಾಲಾಗಿ ಹಾರಿತು, ಯಾವುದಕ್ಕೆ ರೋಗ ತಗಲಿತು ಎಂಬ ಜಾತಕವೆಲ್ಲ ಅದರಲ್ಲಿ. ಎರಡಕ್ಕೂ ಶಿರಸಿಯಲ್ಲೇ ಲಿನಕ್ಸ್ ಹಾಕಿ ಕಳಿಸಿದವನು ನಾನೇ. ಅದಕ್ಕೆ ಒಡೆಯರಿಲ್ಲ, ಯಾರು ಬೇಕಾದರೂ ಬಿಚ್ಚಿ ನೋಡಬಹುದು, ತಿದ್ದಬಹುದು, ಹಂಚಬಹುದು. ಕಾಡಿನ ಮರದ ಜೇನಿನ ಹಾಗೆ ಎಂದು ನಾನು ವಿವರಿಸಿದಾಗ ಆಡಳಿತ ಮಂಡಳಿಗೆ ಒಂದೇ ಏಟಿಗೆ ಅರ್ಥವಾಯಿತು. ಜಗತ್ತಿನಲ್ಲಿ ಮುಕ್ತ ತಂತ್ರಾಂಶವನ್ನು ಇಷ್ಟು ಬೇಗ ಅರ್ಥಮಾಡಿಕೊಂಡ ಆಡಳಿತ ಮಂಡಳಿ ಇನ್ನೊಂದಿಲ್ಲವೆಂದು ನಾನು ಖಾತ್ರಿಯಾಗಿ ಹೇಳಬಲ್ಲೆ, ಬೇರೆ ಯಾವ ಮಂಡಳಿಯನ್ನೂ ನಾನು ನೋಡಿಲ್ಲದಿದ್ದರೂ.

ಕಷ್ಟ ಶುರುವಾದದ್ದು ಸರ್ವರುಗಳು ಕೈಕೊಡಲು ತೊಡಗಿದಾಗ. ಅಧ್ಯಕ್ಷ ದ್ಯಾಮಪ್ಪನವರು ಬನವಾಸಿ ಕಡೆಯವರು, ಮಾತು ಕಡಿಮೆ, ಠರಾವು ಜಾಸ್ತಿ. ಕಂಪ್ಯೂಟರ್ ಮುಖ್ಯಸ್ಥ ಇನ್ನು ಮುಂದೆ ಒಂದು ದಿನ ಸಿದ್ದಾಪುರ, ಒಂದು ದಿನ ಯಲ್ಲಾಪುರ ಎಂದು ಬಸ್ಸಿನಲ್ಲಿ ಓಡಾಡತಕ್ಕದ್ದು ಎಂದು ಸಭೆಯಲ್ಲಿ ಸೂಚಿಸಿದರು. ಅನುಮೋದಿಸಲು ಐದು ಕೈಗಳು ಮೇಲೆದ್ದವು.

ಈಗ ನಾನು ಯಾರಿಗೂ ಹೇಳದ ಒಂದು ವಿಷಯ ಹೇಳಬೇಕು. ನನಗೆ ಬಸ್ಸು ಆಗುವುದಿಲ್ಲ. ನಮ್ಮ ಕಡೆಯ ರಸ್ತೆಗಳನ್ನು ಬಲ್ಲವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನೇರ ಎಂಬ ಶಬ್ದ ಆ ರಸ್ತೆ ಮಾಡಿದವರಿಗೆ ಗೊತ್ತಿರಲಿಲ್ಲ. ಎರಡು ತಿರುವು ಕಳೆಯುವುದರೊಳಗೆ ಬೆಳಗಿನ ತೆಳ್ಳೇವು ದೋಸೆ ಕಿಟಕಿಯಿಂದ ಹೊರಗೆ ಹೋಗುತ್ತದೆ. ಮದುವೆಯಾದ ಹೊಸದರಲ್ಲಿ ಅತ್ತೆಮನೆಗೆ ಹೋಗಿ ಇಳಿದಾಗ ನನ್ನ ಮುಖ ನೋಡಿ ಮಾವನವರು ಹುಡುಗನಿಗೆ ಕಾಮಾಲೆ ಎಂದು ವೈದ್ಯರಿಗೆ ಹೇಳಿಕಳಿಸಿದ್ದರು. ಆದರೆ ಕಂಪ್ಯೂಟರ್ ವಿಭಾಗದ ಮುಖ್ಯಸ್ಥ ಸಭೆಯಲ್ಲಿ ಎದ್ದು ನಿಂತು ತನಗೆ ವಾಂತಿಯಾಗುತ್ತದೆ ಎಂದು ಹೇಳಿಕೊಳ್ಳಲು ಬರುತ್ತದೆಯೆ? ಆದ್ದರಿಂದ ನಾನು ಎದ್ದು ನಿಂತು, ಬಸ್ಸಿನಲ್ಲಿ ಹೋಗುವುದು ಕಳೆದ ಶತಮಾನದ ಪದ್ಧತಿ, ನಾನು ಶಿರಸಿಯ ಈ ಕುರ್ಚಿಯಲ್ಲೇ ಕೂತು ಎರಡೂ ಊರಿನ ಕಂಪ್ಯೂಟರುಗಳನ್ನು ಆಡಿಸುತ್ತೇನೆ, ನನ್ನ ಕೈ ಇಲ್ಲಿರುತ್ತದೆ, ಬೆರಳು ಅಲ್ಲಿರುತ್ತದೆ ಎಂದು ಸಾರಿಬಿಟ್ಟೆ.

ದ್ಯಾಮಪ್ಪನವರು ಕನ್ನಡಕ ತೆಗೆದು ಒರೆಸಿದರು. “ಆಗತೈತೋ ಇಲ್ಲೋ ಅಷ್ಟ ಹೇಳ್ರಿ.”

ಆಗುತ್ತದೆ ಎಂದೆ. ಯಲ್ಲಾಪುರದಲ್ಲಿ ನಡೆಯುವ ವಾರ್ಷಿಕ ಸಭೆಯಲ್ಲಿ ಎಲ್ಲ ಸದಸ್ಯರ ಎದುರಿಗೆ ತೋರಿಸಬೇಕು, ತೋರಿಸದಿದ್ದರೆ ಮಾರನೆಯ ದಿನದಿಂದ ಬಸ್ಸು ಎಂದು ತೀರ್ಮಾನವಾಯಿತು. ದ್ಯಾಮಪ್ಪನವರು ಎಷ್ಟು ಮುಂದಾಲೋಚನೆಯ ಮನುಷ್ಯರೆಂದರೆ ಅಂದೇ ಸಂಜೆಯೊಳಗೆ ನನ್ನ ಹೆಸರಿನಲ್ಲಿ ಬಸ್ ಪಾಸಿನ ಅರ್ಜಿ ತುಂಬಿ, ಫೋಟೋ ಅಂಟಿಸಿ, ಸಹಿಗೆ ಜಾಗ ಬಿಟ್ಟು ಇಟ್ಟುಕೊಂಡರು.

ಮನೆಯಲ್ಲಿ ವಿಷಯ ತಿಳಿದ ಹೆಂಡತಿ ಸುಬ್ಬಲಕ್ಷ್ಮಿ ಒಂದೇ ಮಾತು ಕೇಳಿದಳು. “ನಿಂಗಕ್ಕೆ ಬಸ್ಸು ಆಗ್ತಿಲ್ಲೆ ಹೇಳಿ ಒಂದು ಮಾತು ಹೇಳಿದ್ರೆ ಎಂತ ಗಂಟು ಹೋಗ್ತಿತ್ತು?” ಮಹತ್ಕಾರ್ಯಕ್ಕೆ ಹೊರಟವರ ಹೆಂಡಂದಿರು ಹೀಗೆ ಸಣ್ಣ ಪ್ರಶ್ನೆ ಕೇಳುವುದು ಇತಿಹಾಸದ ಉದ್ದಕ್ಕೂ ನಡೆದು ಬಂದಿದೆ.

ಮೊದಲು ಸಿದ್ದಾಪುರ. ಅಲ್ಲಿನ ಗುಮಾಸ್ತೆ ಪರಿಮಳಾಗೆ ಫೋನಿನಲ್ಲೇ ಒಂದೊಂದು ಅಕ್ಷರ ಹೇಳಿ ವಿಎನ್‌ಸಿ ಎಂಬ ತಂತ್ರಾಂಶವನ್ನು ಸರ್ವರಿಗೆ ಹಾಕಿಸಿದೆ. ಅದು ದೂರದ ಕಂಪ್ಯೂಟರಿನ ಪರದೆಯನ್ನು ನಮ್ಮ ಕಣ್ಣೆದುರಿಗೆ ತಂದು ನಿಲ್ಲಿಸುವ ಸಾಧನ. ತಂದು ನಿಲ್ಲಿಸಿತು, ಇಲ್ಲ ಎನ್ನುವುದಿಲ್ಲ. ಆದರೆ ನಿಂತದ್ದು ಬರೀ ಬೂದಿ ಬಣ್ಣದ ಬಯಲು, ನಟ್ಟನಡುವೆ ಗುಣಾಕಾರದ ಗುರುತಿನಂಥ ಒಂದು ಕಪ್ಪು ಕಡ್ಡಿ. ಮೂರು ದಿನ ನಾನು ಆ ಬೂದಿಯನ್ನು ನೋಡುತ್ತ ಕೂತೆ. ಮಧ್ಯಾಹ್ನದ ಬುತ್ತಿ ತಂದ ಸುಬ್ಬಲಕ್ಷ್ಮಿ ಇದು ಸಿದ್ದಾಪುರವೋ ಅದರ ಸ್ಮಶಾನವೋ ಎಂದು ಕೇಳಿದಳು. ನಾಲ್ಕನೆಯ ದಿನ, ಪರದೆ ತೆರೆದೊಡನೆ ಏನೇನು ಶುರುವಾಗಬೇಕು ಎಂಬ ಪಟ್ಟಿಯ ಕಡತಕ್ಕೆ ಓಡುವ ಅನುಮತಿಯನ್ನೇ ಕೊಟ್ಟಿಲ್ಲ ಎಂದು ಪತ್ತೆಯಾಯಿತು. ಸರಕಾರಿ ನೌಕರನ ಹಾಗೆ ಅದು ಆದೇಶ ಬರಲಿ ಎಂದು ಕಾಯುತ್ತಿತ್ತು. ಆದೇಶ ಕೊಟ್ಟೆ. ಬೂದಿ ಸರಿದು ಸಿದ್ದಾಪುರದ ಮೇಜು, ಕಡತ, ಗಡಿಯಾರ ಸಮೇತ ಎದ್ದು ಬಂತು. ನಾನು ಶಿರಸಿಯಲ್ಲಿ ಕುಣಿದ ಕುಣಿತಕ್ಕೆ ಕೆಳಗಿನ ಮನೆಯವರು ಭೂಕಂಪವೆಂದು ಅಂಗಳಕ್ಕೆ ಬಂದರು.

ಸಿದ್ದಾಪುರದ ಸರ್ವರಿಗೆ ಆಗ ಮಾನಿಟರು ಇರಲಿಲ್ಲ. ಪರಿಮಳಾ ತಂತ್ರಾಂಶ ಹಾಕಿದ ಮಾರನೆಯ ದಿನವೇ ಅದು ಕೆಟ್ಟು ರಿಪೇರಿಗೆ ಹೋಗಿತ್ತು. ಆದ್ದರಿಂದ ನಾನು ಇಲ್ಲಿ ಮಾಡಿದ್ದು ಅಲ್ಲಿಯವರ ಕಣ್ಣಿಗೆ ಹೇಗೆ ಕಾಣುತ್ತದೆ ಎಂದು ನೋಡುವ ಪ್ರಸಂಗವೇ ಬರಲಿಲ್ಲ. ಈ ಸಣ್ಣ ಸಂಗತಿ ನನ್ನನ್ನು ಹೇಗೆ ತಿನ್ನಲಿದೆ ಎಂದು ಆ ದಿನ ನನಗೆ ತಿಳಿದಿರಲಿಲ್ಲ.

ಇನ್ನು ಯಲ್ಲಾಪುರ. ಅಲ್ಲಿನ ಶಾಖೆ ನೋಡಿಕೊಳ್ಳುತ್ತಿದ್ದವನು ಕೆರಿಯಪ್ಪ, ನಲವತ್ತು ವರ್ಷ ಜೇನು ಸಾಕಿದವನು. ಅವನ ಕೈಗೆ ಜೇನು ಕಚ್ಚುವುದಿಲ್ಲ. ಕಚ್ಚಿದರೂ ಅವನು ಅದಕ್ಕೆ ಸಮಾಧಾನ ಹೇಳುತ್ತಾನೆ. ಯಲ್ಲಾಪುರಕ್ಕೆ ಸಂಪರ್ಕ ಸಿಕ್ಕಿತು, ಪರದೆಯೂ ಬಂತು, ಆದರೆ ಇಪ್ಪತ್ತು ನಿಮಿಷಕ್ಕೊಮ್ಮೆ ಸರ್ವರು ಸತ್ತು ಬೀಳುತ್ತಿತ್ತು. ನಾನು ತಂತಿಯನ್ನು ಬೈದೆ, ಹೊರಗಿನವರನ್ನು ತಡೆಯುವ ಫೈರ್‌ವಾಲ್ ತಂತ್ರಾಂಶವನ್ನು ತೆಗೆದು ಹಾಕಿದೆ, ಹಾಕಿ ತೆಗೆದೆ. ಪ್ರತಿ ಸಲ ಸಂಪರ್ಕ ಹೋದಾಗಲೂ ಆ ಕಡೆಯ ಅಂತರ್ಜಾಲದ ವಿಳಾಸ ಬದಲಾಗುತ್ತಿತ್ತು. ಕೆರಿಯಪ್ಪ ಫೋನಿನಲ್ಲಿ ಹೊಸ ಅಂಕಿಗಳನ್ನು ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸುತ್ತಿದ್ದ. ಕೊನೆಗೆ ಒಂದು ದಿನ, ಸರ್ವರಿನ ಹಿಂದೆ ಫ್ಯಾನು ತಿರುಗುತ್ತಿದೆಯೆ ನೋಡು ಎಂದೆ.

“ತಿರ್ಗೂದು ಕಾಣೂದಿಲ್ಲ. ಗೋಣಿ ಅಡ್ಡ ಉಂಟಲ್ಲ.”

ಯಾವ ಗೋಣಿ ಎಂದು ವಿಚಾರಿಸಲಾಗಿ ಸತ್ಯ ಹೊರಬಿತ್ತು. ಮಳೆಗಾಲ ಮುಗಿದು ಥಂಡಿ ಶುರುವಾಗುವಾಗ ಜೇನುಪೆಟ್ಟಿಗೆಗೆ ಗೋಣಿ ಹೊದಿಸುವುದು ನಮ್ಮ ಕಡೆಯ ಪದ್ಧತಿ. ಸರ್ವರೂ ಪೆಟ್ಟಿಗೆಯೇ, ಒಳಗಿನಿಂದ ಗುಂಯ್ ಎನ್ನುತ್ತದೆ, ಬೆಚ್ಚಗಿರುತ್ತದೆ. ಕೆರಿಯಪ್ಪ ಅದಕ್ಕೆ ಎರಡು ಪದರ ಗೋಣಿ ಹೊದಿಸಿ, ಇರುವೆ ಹತ್ತದಂತೆ ಮೇಜಿನ ನಾಲ್ಕು ಕಾಲಿಗೂ ನೀರು ತುಂಬಿದ ಬಟ್ಟಲು ಇಟ್ಟು, ದಿನಾ ಬೆಳಿಗ್ಗೆ ಕಿವಿ ಇಟ್ಟು ಕುಟುಂಬ ಸೌಖ್ಯವಾಗಿದೆಯೆ ಎಂದು ಕೇಳುತ್ತಿದ್ದ. ಬಿಸಿಗೆ ಉಸಿರು ಕಟ್ಟಿ ಸರ್ವರು ಮೂರ್ಛೆ ಹೋಗುತ್ತಿತ್ತು. ಗೋಣಿ ತೆಗೆಸಿದೆ. ಬಟ್ಟಲು ಇರಲಿ ಎಂದೆ, ಏಕೆಂದರೆ ಆ ಕಚೇರಿಯಲ್ಲಿ ಇರುವೆಗಳು ನಿಜಕ್ಕೂ ಇದ್ದವು.

ಇಷ್ಟಾದ ಮೇಲೆ ಯಲ್ಲಾಪುರದ ಸರ್ವರು ನನ್ನ ಅಂಗೈಯಲ್ಲಿ ಎಂದು ನಾನು ಶಿರಸಿಯ ಪೇಟೆಯಲ್ಲೆಲ್ಲ ಹೇಳಿಕೊಂಡು ಬಂದೆ. ಮಾರಿಗುಡಿ ಹತ್ತಿರದ ಚಹಾದಂಗಡಿಯಲ್ಲಿ ನಾಳೆಯಿಂದ ದಿಲ್ಲಿಯ ಕಂಪ್ಯೂಟರನ್ನೂ ಆಡಿಸಬಹುದು, ಆದರೆ ಕೇಳದೆ ಮುಟ್ಟುವುದು ನಮ್ಮ ಸಂಸ್ಕಾರವಲ್ಲ ಎಂದೂ ಹೇಳಿದ ನೆನಪು.

ವಾರ್ಷಿಕ ಸಭೆಯ ದಿನ ಬಂತು. ಯಲ್ಲಾಪುರದ ಶಾಖೆಯಲ್ಲಿ ಅರವತ್ತು ಸದಸ್ಯರು ಮಾನಿಟರಿನ ಸುತ್ತ ನೆರೆದಿದ್ದರು. ಮುಂದಿನ ಸಾಲಿನಲ್ಲಿ ದ್ಯಾಮಪ್ಪನವರು, ಅವರ ಜೇಬಿನಲ್ಲಿ ಬಸ್ ಪಾಸಿನ ಅರ್ಜಿ. ಪಕ್ಕದಲ್ಲಿ ಸಹಕಾರ ಇಲಾಖೆಯ ಹೊಸ ಇನ್‌ಸ್ಪೆಕ್ಟರ್ ಶಿವರಂಜನಿ, ಕೈಯಲ್ಲಿ ನೋಟ್‌ಬುಕ್ಕು. ಆ ಹೆಣ್ಣುಮಗಳು ಎಲ್ಲವನ್ನೂ ಗಡಿಯಾರ ನೋಡಿ ಬರೆದುಕೊಳ್ಳುವವಳು. ನಾನು ಶಿರಸಿಯ ಕುರ್ಚಿಯಲ್ಲಿದ್ದೆ. ಫೋನನ್ನು ಆ ತುದಿಯಲ್ಲಿ ಸ್ಪೀಕರಿಗೆ ಹಾಕಿದ್ದರು. ಇದಲ್ಲದೆ ಸಿದ್ದಾಪುರದ ಸರ್ವರನ್ನೂ ಪಕ್ಕದ ಕಿಟಕಿಯಲ್ಲಿ ತೆರೆದಿಟ್ಟುಕೊಂಡಿದ್ದೆ, ಶೋಭೆಗೆ.

ಶಿವರಂಜನಿ ಒಂದು ಷರತ್ತು ಹಾಕಿದಳು. ಇಲ್ಲಿ ಯಾರೋ ಮೌಸು ಅಲ್ಲಾಡಿಸಿ ಶಿರಸಿಯಿಂದ ಬಂತು ಎನ್ನಬಾರದು. ಮೌಸನ್ನು ಮಗುಚಿ, ಹೊಟ್ಟೆ ಮೇಲಾಗಿ, ಎಲ್ಲರ ಕಣ್ಣಿಗೆ ಬೀಳುವಂತೆ ಇಡಬೇಕು. ನ್ಯಾಯವೇ. ಕೆರಿಯಪ್ಪ ಅದನ್ನು ಮಗುಚಿ, ಕೈಗೆ ಸಿಕ್ಕಿದ ಒಂದು ತಟ್ಟೆಯಲ್ಲಿಟ್ಟ. ಸಭೆಗೆ ಮೊದಲು ಸದಸ್ಯರಿಗೆ ಹೊಸ ಜೇನಿನ ರುಚಿ ತೋರಿಸಿದ್ದ ತಟ್ಟೆ ಅದು. ಮೌಸಿನ ಹೊಟ್ಟೆಯ ಕೆಂಪು ದೀಪ ಮಿಣುಮಿಣು ಎನ್ನುತ್ತಿತ್ತು.

ಹನ್ನೊಂದಕ್ಕೆ ನಾನು ಶುರು ಮಾಡಿದೆ. ಬಾಣದ ಗುರುತನ್ನು ಬಲಕ್ಕೆ ಓಡಿಸಿ, ಬಂತೆ ಎಂದು ಕೇಳಿದೆ. ಎಂತದೂ ಇಲ್ಲ ಎಂದು ಉತ್ತರ ಬಂತು. ಎಡಕ್ಕೆ ಓಡಿಸಿದೆ. ಇಲ್ಲ. ಒಂದು ಬಿಳಿ ಹಾಳೆ ತೆರೆದು, ಬುಟ್ಟಿಯಷ್ಟು ದೊಡ್ಡ ಅಕ್ಷರಗಳಲ್ಲಿ ‘ಸರ್ವ ಸದಸ್ಯರಿಗೆ ಸುಸ್ವಾಗತ’ ಎಂದು ಬರೆದೆ. ನನ್ನ ಪರದೆಯಲ್ಲಿ ಸುಸ್ವಾಗತ ಢಾಳಾಗಿ ಹೊಳೆಯುತ್ತಿತ್ತು. ಯಲ್ಲಾಪುರದ ಪರದೆ, ಅಲ್ಲಿಯವರ ಪ್ರಕಾರ, ಕದಡದ ಕೆರೆಯ ಹಾಗಿತ್ತು. ಫೋನಿನಲ್ಲಿ ಕುರ್ಚಿ ಸರಿಯುವ ಸದ್ದು, ಯಾರೋ ಆಕಳಿಸಿದ ಸದ್ದು. ಅದರ ಹಿಂದೆಯೇ ಕಾಗದ ಬಿಚ್ಚುವ ಸದ್ದು ಕೇಳಿತು. ನನಗೆ ತಿಳಿಯಿತು, ಅದು ಅರ್ಜಿ.

ನಾನು ಕುರ್ಚಿಗೆ ಒರಗಿ ಎರಡೂ ಕೈ ತಲೆಯ ಮೇಲಿಟ್ಟುಕೊಂಡೆ. ಬುತ್ತಿ ತಂದು ನಿಂತಿದ್ದ ಸುಬ್ಬಲಕ್ಷ್ಮಿ ಲೋಟದಲ್ಲಿ ಮಜ್ಜಿಗೆ ಕೊಟ್ಟಳು. “ಮುಗತ್ತು,” ಎಂದೆ ಅವಳಿಗೆ. “ಆನು ಮೌಸು ಬಿಟ್ಟು ಕೈ ತೆಗದಾತು. ನಾಳಿಂದ ಬಸ್ಸೇ ಗತಿ.”

ಅಷ್ಟರಲ್ಲಿ ಫೋನಿನಿಂದ ದೊಡ್ಡ ಗದ್ದಲ ಎದ್ದಿತು. ಸದಸ್ಯರು ಕುರ್ಚಿ ಎತ್ತಿ ಒಗೆಯುತ್ತಿದ್ದಾರೆ ಎಂದುಕೊಂಡೆ. ಕಿವಿಗೊಟ್ಟರೆ ಅದು ಚಪ್ಪಾಳೆ. ಯಲ್ಲಾಪುರದ ಪರದೆಯ ಮೇಲೆ ಬಾಣ ಹೊರಟಿತ್ತು. ಮೊದಲು ತುಸು ನಡುಗಿತಂತೆ, ಆಮೇಲೆ ಬಲಕ್ಕೆ ಒಂದು ಸುತ್ತು, ಎಡಕ್ಕೆ ಒಂದು ಸುತ್ತು, ಎಂಟರ ಆಕಾರದಲ್ಲಿ ಸೊಂಟ ಕುಣಿಸುತ್ತ ಇಡೀ ಪರದೆಯನ್ನು ಸುತ್ತಿತಂತೆ. ಕಮಲಾಕರ ಅಧ್ಯಕ್ಷರಿಗೆ ಪ್ರದಕ್ಷಿಣೆ ಹಾಕುತ್ತಿದ್ದಾನೆ ಎಂದು ಒಬ್ಬರು ವ್ಯಾಖ್ಯಾನ ಮಾಡಿದರು. ಆ ಬಾಣದ ನಡಿಗೆಯಲ್ಲೇ ಅವನ ಗತ್ತು ಕಾಣುತ್ತದೆ ಎಂದರು ಇನ್ನೊಬ್ಬರು. ಹನ್ನೊಂದು ಗಂಟೆ ಐದು ನಿಮಿಷಕ್ಕೆ ಶುರುವಾದ ನನ್ನ ಬಾಣ ನಾಲ್ಕು ನಿಮಿಷ ಕುಣಿದು ಮೂಲೆಯಲ್ಲಿ ನಿಂತಿತು.

ನನಗೆ ಏನೂ ಅರ್ಥವಾಗಲಿಲ್ಲ. ಆದರೆ ಅರ್ಥವಾಗದ ವಿಜಯವನ್ನು ಬೇಡ ಎನ್ನುವಷ್ಟು ಸಣ್ಣ ಮನುಷ್ಯ ನಾನಲ್ಲ. ಸ್ವಲ್ಪ ತಡವಾಯಿತು, ಕ್ಷಮಿಸಿ, ತಂತಿ ಉದ್ದ ಎಂದು ಫೋನಿನಲ್ಲಿ ಗಂಭೀರವಾಗಿ ಹೇಳಿದೆ.

ಸುದ್ದಿ ಬಸ್ಸಿಗಿಂತ ಬೇಗ ಶಿರಸಿ ತಲುಪಿತು. ಒಂದೇ ವಾರದಲ್ಲಿ ನಾನು ಸಾರ್ವಜನಿಕ ಆಸ್ತಿಯಾದೆ. ಉಮ್ಮಚಗಿಯಿಂದ ಒಬ್ಬರು ಬಂದು, ತೋಟದ ಪಂಪು ರಾತ್ರಿ ಕರೆಂಟು ಬಂದಾಗ ತಾನೇ ಶುರುವಾಗುವ ಹಾಗೆ ಶಿರಸಿಯಿಂದಲೇ ನೋಡಿಕೊಳ್ಳಬಹುದೆ ಎಂದು ಕೇಳಿದರು. ಕಾನಸೂರಿನಲ್ಲಿ ಬೀಗದ ಕೈ ಒಳಗೇ ಬಿಟ್ಟು ಕಪಾಟು ಹಾಕಿಕೊಂಡವರು ಒಬ್ಬರು ಫೋನು ಮಾಡಿ, ಒಂದು ಸಲ ನೋಡಿ ಮಾರಾಯರೆ ಎಂದರು. ಹೆಂಡತಿಯ ದೊಡ್ಡಮ್ಮ ದೇವಕ್ಕ, ಒಂದೇ ಮುಹೂರ್ತಕ್ಕೆ ಎರಡು ಮದುವೆ ಬಂದಿದೆ, ಒಂದಕ್ಕೆ ನಾನು ಹೋಗುತ್ತೇನೆ, ಇನ್ನೊಂದಕ್ಕೆ ನನ್ನನ್ನು ಕಂಪ್ಯೂಟರಿನಲ್ಲಿ ಕಳಿಸು, ಉಡುಗೊರೆ ಮಾತ್ರ ಎರಡೂ ಕಡೆ ಕೊಡಬೇಡ ಎಂದಳು. ನಾನು ಯಾರಿಗೂ ಆಗುವುದಿಲ್ಲ ಎನ್ನಲಿಲ್ಲ. ನೋಡೋಣ, ಸದ್ಯಕ್ಕೆ ತಂತಿ ಬಿಡುವಿಲ್ಲ ಎಂದೆ.

ಆದರೆ ಶಿವರಂಜನಿ ವರದಿ ಬರೆದಿದ್ದಳು. ಅದನ್ನು ಓದಿದ ಸಹಕಾರ ಇಲಾಖೆಯ ಜಿಲ್ಲಾ ಸಾಹೇಬರು ತಾವೇ ಯಲ್ಲಾಪುರಕ್ಕೆ ಬಂದು ಕಣ್ಣಾರೆ ನೋಡುವುದಾಗಿ ತಿಳಿಸಿದರು. ದ್ಯಾಮಪ್ಪನವರು ಅರ್ಜಿಯನ್ನು ಹರಿಯದೆ ಮತ್ತೆ ಮಡಚಿ ಜೇಬಿಗಿಟ್ಟರು. ಸಾಹೇಬರು ಒಪ್ಪಿದರೆ ನಾನು ಶಿರಸಿ ಬಿಟ್ಟು ಕದಲಬೇಕಿಲ್ಲ, ಒಪ್ಪದಿದ್ದರೆ ಬಸ್ಸು. ಹತ್ತು ದಿನ ಸಮಯ.

ಆ ಹತ್ತು ದಿನಗಳಲ್ಲಿ ಆರು ದಿನ ನಾನು ಬಾಣ ಹೇಗೆ ಕುಣಿಯಿತು ಎಂದು ಹುಡುಕಿದೆ. ಪ್ರತಿ ದಿನ ಯಲ್ಲಾಪುರವನ್ನು ತೆರೆದು ಏನೇನೋ ಮಾಡಿ ಕೆರಿಯಪ್ಪನನ್ನು ಕೇಳುವುದು. ಕೆರಿಯಪ್ಪ ಏನೂ ಕಾಣುವುದಿಲ್ಲ ಎನ್ನುವುದು. ಅದೇ ಹುಡುಕಾಟದಲ್ಲಿರುವಾಗ ಏಳನೆಯ ದಿನ ಕೆರಿಯಪ್ಪನೇ ಜೇನಿನ ಡಬ್ಬಿಗಳನ್ನು ಹೇರಿಕೊಂಡು ಸಂಘದ ಜೀಪಿನಲ್ಲಿ ಶಿರಸಿಗೆ ಬಂದ. ನನ್ನ ಮುಖ ನೋಡಿ ಬಾಗಿಲು ಮುಂದೆ ಮಾಡಿದ.

“ಅವತ್ತು ಬಾಣ ಆಡ್ಸಿದ್ದು ನೀವಲ್ಲ,” ಎಂದ. “ಹುಳ.”

ತಟ್ಟೆಯ ಜೇನು ಮೌಸಿಗೆ ಹತ್ತಿತ್ತು. ಆ ವಾಸನೆಗೆ ಒಂದು ತುಡುವೆ ಹುಳ ಬಂದು ಮಗುಚಿಟ್ಟ ಮೌಸಿನ ಹೊಟ್ಟೆಯ ಮೇಲೆ, ಸರಿಯಾಗಿ ಆ ಕೆಂಪು ದೀಪದ ಕಿಂಡಿಯ ಮೇಲೆ ಓಡಾಡಿತು. ಕಿಂಡಿಯ ಮುಂದೆ ಏನು ಅಲ್ಲಾಡಿದರೂ ಮೌಸಿಗೆ ತಾನೇ ಅಲ್ಲಾಡಿದ ಹಾಗೆ. ಹುಳ ನಡೆದಂತೆ ಬಾಣ ನಡೆಯಿತು. ಅರವತ್ತು ಜನ ತಟ್ಟೆಯನ್ನೇ ನೋಡುತ್ತಿದ್ದರಲ್ಲ, ಯಾರಿಗೂ ಕಾಣಲಿಲ್ಲವೆ ಎಂದು ಕೇಳಿದೆ. ಕೆರಿಯಪ್ಪನಿಗೆ ಪ್ರಶ್ನೆಯೇ ವಿಚಿತ್ರವೆನಿಸಿತು. ಜೇನು ಸಂಘದ ಕಚೇರಿಯಲ್ಲಿ ಜೇನುಹುಳವನ್ನು ಯಾರು ನೋಡುತ್ತಾರೆ? ಅವರೆಲ್ಲರ ಅಂಗಿಯ ಮೇಲೂ ಒಂದೊಂದು ಕೂತಿತ್ತು. ಮೌಸಿನ ಮೇಲೆ ಮನುಷ್ಯರ ಕೈ ಇದೆಯೆ ಎಂದು ನೋಡಿದರು, ಇರಲಿಲ್ಲ, ಮುಗಿಯಿತು.

“ನೀನು ನೋಡಿದೆಯಲ್ಲ, ಹೇಳಬಾರದಿತ್ತೆ?”

“ಹುಳ ಕೆಲ್ಸ ಮಾಡ್ತಾ ಇದ್ದಾಗ ಮಾತಾಡೂಕಾಗ,” ಎಂದ ಕೆರಿಯಪ್ಪ. ಜೇನು ಸಾಕುವವರ ಮೊದಲ ಪಾಠ ಅದು.

ಸಾಹೇಬರೆದುರು ಇನ್ನೊಂದು ಹುಳ ಬರುತ್ತದೆಂದು ಏನು ಖಾತ್ರಿ? ಕೆರಿಯಪ್ಪ ನನ್ನ ಪರದೆಯನ್ನು ನೋಡುತ್ತ ನಿಂತಿದ್ದ. ಅದರಲ್ಲಿ ಯಲ್ಲಾಪುರ ತೆರೆದಿತ್ತು. ಸಭೆಯ ದಿನ ನಾನು ಬರೆದಿದ್ದ ‘ಸುಸ್ವಾಗತ’ ಇನ್ನೂ ಹಾಗೇ ಕೂತಿತ್ತು. ಇದು ನಮ್ಮ ಪೆಟ್ಟಿಗೆಯ ಒಳಗಿನದ್ದೇ ಹೌದೆ ಎಂದು ಕೇಳಿದ. ಹೌದು ಎಂದೆ. ಇಂದು ಬೆಳಿಗ್ಗೆ ತಾನು ಹೊರಡುವಾಗ ಅಲ್ಲಿನ ಮಾನಿಟರಿನಲ್ಲಿ ಪೆಟ್ಟಿಗೆಗಳ ಪಟ್ಟಿ ತೆರೆದಿಟ್ಟು ಬಂದಿದ್ದೇನೆ, ಅದೆಲ್ಲಿ ಎಂದು ಕೇಳಿದ. ನನ್ನ ಪರದೆಯಲ್ಲಿ ಪಟ್ಟಿ ಇರಲಿಲ್ಲ.

“ಹಾಗಿದ್ರೆ ಒಂದೇ ಪೆಟ್ಟಿಗೇಲಿ ಎರಡು ರಾಣಿ ಉಂಟು,” ಎಂದ ಕೆರಿಯಪ್ಪ. “ಹೌದಪ್ಪ, ಆಗ್ತದೆ ಒಂದೊಂದ್ ಸಲ. ಹಳೇ ರಾಣಿ ಕೆಳಗೆ, ಹೊಸತು ಮೇಲಿನ ಅಂಕಣದಲ್ಲಿ. ನೀವು ಮೇಲಿಂದಕ್ಕೆ ಸಕ್ಕರೆ ಪಾಕ ಹಾಕ್ತಾ ಕೂತೀರಿ. ನಾವು ಕೆಳಗಿಂದು ನೋಡ್ತಾ ಕೂತೇವು.”

ನಾನು ಕೈಪಿಡಿಯನ್ನು ಮೊದಲಿಂದ ತಿರುವಿದೆ. ಕೆರಿಯಪ್ಪ ಹೇಳಿದ್ದು ಅಕ್ಷರಶಃ ಅದರಲ್ಲಿತ್ತು, ಪಾಕದ ವಿಷಯ ಒಂದನ್ನು ಬಿಟ್ಟು. ನಾನು ಹಾಕಿಸಿದ ವಿಎನ್‌ಸಿ ಮಾನಿಟರಿನ ಪರದೆಯನ್ನು ತೋರಿಸುವಂಥದ್ದೇ ಅಲ್ಲ. ಅದು ಅದೇ ಸರ್ವರಿನೊಳಗೆ ಒಂದನೆಯ ನಂಬರಿನ ಬೇರೊಂದು ಪರದೆಯನ್ನು ಗುಟ್ಟಾಗಿ ಹುಟ್ಟಿಸಿಕೊಂಡು ನನಗೆ ತೋರಿಸುತ್ತಿತ್ತು. ಮಾನಿಟರಿನಲ್ಲಿ ಕಾಣುವ ಅಸಲಿ ಪರದೆಯ ನಂಬರು ಸೊನ್ನೆ. ಅರವತ್ತು ಸದಸ್ಯರು ಸೊನ್ನೆಯ ಮುಂದೆ ಕೂತಿದ್ದರು, ನಾನು ಯಾರೂ ಇಲ್ಲದ ಒಂದರಲ್ಲಿ ಸ್ವಾಗತ ಕೋರುತ್ತಿದ್ದೆ. ಸಿದ್ದಾಪುರದಲ್ಲಿ ಮಾನಿಟರೇ ಇಲ್ಲದ್ದರಿಂದ ಈ ಸವತಿ ಮತ್ಸರ ಬೆಳಕಿಗೆ ಬಂದಿರಲಿಲ್ಲ. ಅಸಲಿ ಪರದೆಯನ್ನೇ ಹಂಚುವ ಬೇರೊಂದು ಪ್ರೋಗ್ರಾಮು ಇತ್ತು. ಶಿರಸಿಯಲ್ಲಿ ಕೂತೇ ಅದನ್ನು ಯಲ್ಲಾಪುರಕ್ಕೆ ಇಳಿಸಿದೆ, ಸೊನ್ನೆಗೆ ಜೋಡಿಸಿದೆ, ಎರಡನೇ ರಾಣಿಯನ್ನು ಬೀಳ್ಕೊಟ್ಟೆ. ತಕ್ಷಣ ಕೆರಿಯಪ್ಪನ ಪೆಟ್ಟಿಗೆಗಳ ಪಟ್ಟಿ ನನ್ನ ಕಣ್ಣೆದುರು ಎದ್ದು ಬಂತು. ಇಬ್ಬರೂ ಒಂದೊಂದು ಚಮಚ ಜೇನು ತಿಂದೆವು.

ಸಾಹೇಬರು ಬಂದ ದಿನ ನಡೆದದ್ದನ್ನು ವರ್ಣಿಸಲು ನನ್ನ ವಿನಯ ಅಡ್ಡ ಬರುತ್ತದೆ, ಆದರೂ ವರ್ಣಿಸುತ್ತೇನೆ. ಕಚೇರಿಯ ಒಳಗೆ ಜಾಗ ಸಾಲದೆ ಜನ ಕಿಟಕಿಗೆ ಜೋತುಬಿದ್ದಿದ್ದರು. ಸಿದ್ದಾಪುರದಿಂದ ಪರಿಮಳಾ ಕೂಡ ಬಂದಿದ್ದಳು. ಮೌಸು ಮಗುಚಿತ್ತು, ತಟ್ಟೆ ಈ ಸಲ ತೊಳೆದದ್ದು. ನಾನು ಶಿರಸಿಯಿಂದ ಬಾಣವನ್ನು ಬಲಕ್ಕೆ ಓಡಿಸಿದೆ. ಯಲ್ಲಾಪುರದಲ್ಲಿ ಬಲಕ್ಕೆ ಓಡಿತು. ಸಾಹೇಬರು ಕೇಳಿದ ಪಟ್ಟಿ ತೆರೆದೆ, ಮುಚ್ಚಿದೆ, ಮಂಚಿಕೇರಿಯ ರೋಗದ ಪೆಟ್ಟಿಗೆಗಳನ್ನು ಹುಡುಕಿ ಕೊಟ್ಟೆ. ಒಂದೊಂದಕ್ಕೂ ಚಪ್ಪಾಳೆ. ಜಿಲ್ಲೆಯ ಎಲ್ಲ ಸಂಘಗಳೂ ಇದನ್ನು ನೋಡಿ ಕಲಿಯಬೇಕು ಎಂದು ಸಾಹೇಬರು ಹೇಳಿದ್ದು ನನಗೆ ಫೋನಿನಲ್ಲಿ ಸ್ಪಷ್ಟವಾಗಿ ಕೇಳಿತು. ಅಸ್ಪಷ್ಟವಾಗಿದ್ದರೂ ನಾನು ಕೇಳಿಸಿಕೊಳ್ಳುತ್ತಿದ್ದೆ.

ಆಗ ಶಿವರಂಜನಿಯ ದನಿ ಬಂತು.

“ಕಮಲಾಕರ ಸರ್, ಒಂದು ಸಂಶಯ. ಇವತ್ತು ಬಾಣ ನೆಟ್ಟಗೆ ಹೋಗ್ತಿದೆ. ಅವತ್ತು ಬರೀ ಸುತ್ತಿತ್ತು. ಹನ್ನೊಂದು ಗಂಟೆ ಆರು ನಿಮಿಷಕ್ಕೆ, ಬಾಣ ಓಡ್ತಾ ಇರುವಾಗಲೇ, ಫೋನಲ್ಲಿ ನೀವು ‘ಆನು ಮೌಸು ಬಿಟ್ಟು ಕೈ ತೆಗದಾತು’ ಅಂದಿದ್ದು ನನ್ನ ನೋಟ್‌ಬುಕ್ಕಿನಲ್ಲಿದೆ. ಹಾಗಾದ್ರೆ ಆಡಿಸಿದ್ದು ಯಾರು?”

ಚಪ್ಪಾಳೆ ಹೊಡೆಯುತ್ತಿದ್ದ ಅರವತ್ತು ಜನರಲ್ಲಿ ಅದನ್ನು ಕೇಳಿಸಿಕೊಂಡವಳು ಅವಳೊಬ್ಬಳೇ. ಅವತ್ತು ಮದ್ರಾಸಿನ ತಂತಿ ನಮ್ಮ ತಂತಿಗೆ ಅಡ್ಡ ಬಿದ್ದಿತ್ತು ಎಂದು ಒಂದು ಸುಳ್ಳು ನಾಲಗೆಯ ತುದಿಗೆ ಬಂದಿತ್ತು. ಆದರೆ ಅದೂ ಅವಳ ನೋಟ್‌ಬುಕ್ಕಿಗೆ ಹೋಗುತ್ತಿತ್ತು. ಪಕ್ಕದಲ್ಲಿ ಸುಬ್ಬಲಕ್ಷ್ಮಿ ನಿಂತಿದ್ದಳು. “ಹೇಳಿಬಿಡಿ,” ಎಂದಳು ಮೆಲ್ಲಗೆ.

ಬಾಯಲ್ಲಿ ಹೇಳಲು ಆಗಲಿಲ್ಲ. ಬಿಳಿ ಹಾಳೆಯೊಂದನ್ನು ತೆರೆದು ಬರೆಯತೊಡಗಿದೆ. ತಂತಿಯ ಆ ಕಾಲದ ವೇಗಕ್ಕೆ ಅಕ್ಷರಗಳು ಒಂದೊಂದಾಗಿ, ಮದುಮಗಳ ಹಾಗೆ ತಡೆತಡೆದು ಯಲ್ಲಾಪುರಕ್ಕೆ ಹೋಗುತ್ತಿದ್ದವು. ಅಲ್ಲಿ ಪರಿಮಳಾ ಗಟ್ಟಿಯಾಗಿ ಓದುತ್ತಿದ್ದಳು, ಹಿಂದಿನಿಂದ ಜನರೂ ಸೇರಿಕೊಂಡರು. ನನ್ನ ತಪ್ಪೊಪ್ಪಿಗೆಯನ್ನು ನಾನೇ ಫೋನಿನಲ್ಲಿ ಮೇಳದ ದನಿಯಲ್ಲಿ ಕೇಳುವಂತಾಯಿತು.

“ಅವತ್ತು... ಆಡಿಸಿದ್ದು... ನಾನಲ್ಲ. ಒಂದು... ಜೇನು... ಹುಳ.”

ಕೆರಿಯಪ್ಪ ಹೌದು ಎಂದು ಸಾಕ್ಷಿ ನುಡಿದದ್ದು ಕೇಳಿತು. ಒಂದು ಕ್ಷಣ ಬಿಟ್ಟು ಕಚೇರಿ ಬಿದ್ದು ಹೋಗುವಂಥ ನಗು. ಸಾಹೇಬರು ನಗುತ್ತಲೇ, ಈಗ ಇದನ್ನು ಬರೆಯುತ್ತಿರುವುದೂ ಹುಳವೇ ಎಂದು ಕೇಳಿದರು. ಶಿವರಂಜನಿ ತಟ್ಟೆಯ ಹತ್ತಿರ ಬಗ್ಗಿ ನೋಡಿ ಇಲ್ಲ ಎಂದಳು. ಅವಳು ಅದನ್ನೂ ಬರೆದುಕೊಂಡಿರಬೇಕು.

ಅಲ್ಲಿಗೆ ನಿಲ್ಲಿಸಬಹುದಿತ್ತು. ಕೈ ನಿಲ್ಲಲಿಲ್ಲ. “ಇಷ್ಟೆಲ್ಲ... ಮಾಡಿದ್ದು... ಏಕೆಂದರೆ... ನನಗೆ... ಬಸ್ಸಿನಲ್ಲಿ... ವಾಂ...” ಎನ್ನುವಷ್ಟರಲ್ಲಿ ಸಂಪರ್ಕ ಕಡಿಯಿತು. ಆದರೆ ಯಲ್ಲಾಪುರದ ಜನ ಉಳಿದ ಅಕ್ಷರಗಳಿಗೆ ಕಾಯಲಿಲ್ಲ, ತಾವೇ ಪೂರ್ತಿ ಮಾಡಿ ಓದಿದರು.

ಈ ಸಲ ನಗು ಬರಲಿಲ್ಲ. ಕುರ್ಚಿ ಸರಿದ ಸದ್ದಾಯಿತು. ಯಾರೋ ಸ್ಪೀಕರು ಆರಿಸಿ ಫೋನು ಕೈಗೆತ್ತಿಕೊಂಡರು. ದ್ಯಾಮಪ್ಪನವರು.

“ಕಮಲಾಕರ,” ಎಂದರು, ದನಿ ತಗ್ಗಿಸಿ. “ಈ ಯಲ್ಲಾಪುರದ ದಾರ್ಯಾಗ ನಿಮಗ ಎಲ್ಲಿ ಸುರು ಆಗತೈತಿ?”

ಮಂಚಿಕೇರಿಯ ಹತ್ತಿರ ಎಂದೆ.

ದ್ಯಾಮಪ್ಪನವರ ದನಿ ಇನ್ನೂ ಇಳಿಯಿತು. “ನನಗ ಸೋಂದಾ ಕ್ರಾಸಿಗೇ ಸುರು ಆಗತೈತ್ರಿ,” ಎಂದರು. “ಅದಕ್ಕ ನಿಮ್ಮನ್ನ ಕಳಸೂಣು ಅಂತ ಮಾಡಿದ್ದೆ. ಯಾರಿಗೂ ಹೇಳಬ್ಯಾಡ್ರಿ. ಮುಂದಿನ ಸಭಾಕ್ಕ ನನ್ನೂ ಈ ತಂತ್ಯಾಗ ಕೂಡಿಸ್ರಿ.”

ಕೂಡಿಸುತ್ತೇನೆ ಎಂದು ಮಾತು ಕೊಟ್ಟೆ. ಫೋನು ಇಟ್ಟಾಗ ಸುಬ್ಬಲಕ್ಷ್ಮಿ ನನ್ನನ್ನೇ ನೋಡುತ್ತಿದ್ದಳು. “ಮಂಚಿಕೇರಿಯಾ?” ಎಂದಳು.

ಸರಿ, ಇದನ್ನೂ ಹೇಳಿಬಿಡುತ್ತೇನೆ. ಮಂಚಿಕೇರಿ ನಾನು ಕಂಡೇ ಇಲ್ಲ. ನನಗೆ ಶುರುವಾಗುವುದು ಶಿರಸಿ ಬಸ್ ಸ್ಟ್ಯಾಂಡಿನಲ್ಲಿ, ಬಸ್ಸು ಹೊರಡುವುದಕ್ಕೆ ಮೊದಲು.